ಅರ್ಧ ಸೂರಿಗೆ ಹೊದಿಸಿದ ಕಾಗದ

ಕಳೆದ ತಿಂಗಳು ನನ್ನ ಮನೆಯ ತಗಡಿನ ಕೆಳಗೆ ಚೀಲಗಟ್ಟಲೆ ಹಳೆಯ ಪತ್ರಿಕೆ ತುಂಬಿಸಿದೆ. ಅವುಗಳಲ್ಲಿ ಈ ಅಂಕಣವೂ ಇತ್ತು. (ಕೊನೆಗೂ ಒಂದು ಉಪಯೋಗಕ್ಕೆ ಬಂತಲ್ಲ ಎಂದು ನೀವು ನಗಬಹುದು. ನಾನೂ ನಕ್ಕೆ.)

ಗಜೇಂದ್ರಗಡದ ತಗಡಿನ ಮನೆಯಲ್ಲಿ ಬೇಸಿಗೆಯ ಮಧ್ಯಾಹ್ನ ಹೇಗಿರುತ್ತದೆಂದು ಬಲ್ಲವರಿಗೆ ವಿವರಿಸಬೇಕಿಲ್ಲ. ಗುಡ್ಡದ ಕಲ್ಲು ಕಾದು ಕೆಂಡವಾಗುತ್ತದೆ. ಮೇಲೆ ತಗಡು ಸುಡುತ್ತದೆ. ಕೆಳಗೆ ನಾವು ಬೇಯುತ್ತೇವೆ. ಫ್ಯಾನ್ ಹಾಕಿದರೆ ಅದೇ ಝಳವನ್ನು ತಿರುಗಿಸಿ ತಿರುಗಿಸಿ ತಲೆಯ ಮೇಲೆ ಸುರಿಯುತ್ತದೆ.

ಇದು ಹವಾಮಾನದ ತಪ್ಪು ಮಾತ್ರವೇ? ಹಿಂಬದಿಗೆ ಕಿಟಕಿಯೇ ಇಲ್ಲದ ಕೋಣೆಯನ್ನು ಬಾಡಿಗೆಗೆ ಕೊಡುವುದು ತಪ್ಪು. ಕಡಿಮೆ ಬಾಡಿಗೆಯವರಿಗೆ ತಗಡೇ ಸಾಕೆಂದು ನಿರ್ಧರಿಸುವುದು ತಪ್ಪು. ಶಾಲೆಗಳ, ಕಚೇರಿಗಳ ರದ್ದಿಯನ್ನು ಹಿತ್ತಿಲಲ್ಲಿ ರಾಶಿ ಹಾಕಿ ಸುಡುವುದು ತಪ್ಪು. ತಂಪಿನ ಹೆಸರಿನಲ್ಲಿ ತಲೆಯ ಮೇಲೆ ಥರ್ಮೋಕೋಲ್ ಅಂಟಿಸಿ, ನಾಲ್ಕು ವರ್ಷಕ್ಕೆ ಅದನ್ನು ಕಿತ್ತು ಚರಂಡಿಗೆ ಎಸೆಯುವುದೂ ತಪ್ಪು. ಇವನ್ನೆಲ್ಲ ಇದೇ ಜಾಗದಲ್ಲಿ ಬರೆದಿದ್ದೇನೆ. ಬರೆದವಳು ಮಾಡಿ ತೋರಿಸಬೇಡವೇ?

ರದ್ದಿಯನ್ನು ರೋಣದ ಒಂದು ಅಂಗಡಿಯಿಂದ, ಉಳಿದದ್ದನ್ನು ನರಗುಂದದ ಗೆಳತಿಯ ಅಟ್ಟದಿಂದ ತಂದೆ. ಮೇವು ಕತ್ತರಿಸುವ ಯಂತ್ರಕ್ಕೆ ಕೊಟ್ಟರೆ ಪತ್ರಿಕೆ ಹೊಟ್ಟಿನಂತೆ ಉದುರುತ್ತದೆ. ಬೆಂಕಿ ಬೇಗ ಹಿಡಿಯದಂತೆ, ಗೆದ್ದಲು ಸೇರದಂತೆ ಅದಕ್ಕೆ ಬೋರಿಕ್ ಪುಡಿ ಬೆರೆಸಬೇಕು. ತಗಡಿನ ತೂತುಗಳನ್ನು ಮೊದಲು ಮುಚ್ಚಿ, ಕರೆಂಟಿನ ತಂತಿಯನ್ನು ಕೊಳವೆಯೊಳಗೆ ಹಾಯಿಸಿ, ಕೆಳಗೆ ಹಲಗೆ ಬಡಿದು, ನಡುವಿನ ಜಾಗದಲ್ಲಿ ಒಂದು ಗೇಣು ದಪ್ಪಕ್ಕೆ ತುಂಬಬೇಕು. ಇದಕ್ಕೆ ರೋಣದಿಂದ ಸೀಲಿಂಗ್ ಕೆಲಸದ ಈರಣ್ಣ ಬಂದ.

ಪಕ್ಕದ ಮನೆಯ ಹುಸೇನಬಿ ಬಾಗಿಲಲ್ಲಿ ನಿಂತು ನೋಡಿದರು. ಅವರೂ ನನ್ನಂತೆ ಒಬ್ಬರೇ ಇರುವವರು. ಮುಶಿಗೇರಿ ಕಡೆಯ ಹೆಂಗಸರು ತಂದುಕೊಡುವ ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿಯುತ್ತಾರೆ. ನಿವೃತ್ತ ಶಿಕ್ಷಕಿಯಾದ ನನ್ನನ್ನು ಇಡೀ ಓಣಿಯಂತೆ ಅವರೂ ಅಕ್ಕಾರ ಎಂದೇ ಕರೆಯುತ್ತಾರೆ.

"ಬ್ಯಾಸಗ್ಯಾಗ ಮನಿಗೆ ಕೌದಿ ಹೊಚ್ಚೋರನ್ನ ನಿಮ್ಮನ್ನೊಬ್ರನ್ನ ನೋಡಿದೆ ನೋಡ್ರಿ ಅಕ್ಕಾರ," ಎಂದರು.

ಎಂಥ ಸರಿಯಾದ ಮಾತು! ಪುಟಗಟ್ಟಲೆ ಬರೆದು ನಾನು ತಿಳಿಸಲಾಗದ್ದನ್ನು ಅವರು ಒಂದೇ ಸಾಲಿನಲ್ಲಿ ಹೇಳಿಬಿಟ್ಟಿದ್ದರು.

ನಮ್ಮಿಬ್ಬರದು ಮೊದಲು ಒಂದೇ ಮನೆ. ಮಾಲೀಕರು ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿದ್ದಾರೆ. ಗೋಡೆ ತಗಡಿನವರೆಗೆ ಹೋಗಿಲ್ಲ. ಮೇಲೆ ಎರಡು ಅಡಿಯ ಸಂದಿ ಬಿಟ್ಟಿದ್ದಾರೆ. ಆ ಸಂದಿಯಿಂದ ಒಗ್ಗರಣೆಯ ಘಾಟು ಬರುತ್ತಿತ್ತು, ಕೆಮ್ಮು ಬರುತ್ತಿತ್ತು. ಸಂಜೆ ದೀಪ ಹಾಕುವ ಹೊತ್ತಿಗೆ ಹುಸೇನಬಿಯ ಪ್ರಶ್ನೆ ಬರುತ್ತಿತ್ತು: "ಉಂಡ್ರೇನ್ರಿ ಅಕ್ಕಾರ?" ಇಲ್ಲವೆಂದರೆ ಏಕೆಂದು ಕೇಳುವರು. ಹೌದೆಂದರೆ ಏನು ಪಲ್ಯವೆಂದು ಕೇಳುವರು. ನಾನು ಇಲ್ಲಿಗೆ ಬಂದ ಹನ್ನೊಂದು ವರ್ಷಗಳಲ್ಲಿ ನನ್ನ ಊಟದ ಬಗ್ಗೆ ಹೀಗೆ ದಿನವೂ ವಿಚಾರಿಸಿದ ಮನುಷ್ಯರು ಬೇರೊಬ್ಬರಿಲ್ಲ.

ಈರಣ್ಣ ಆ ಸಂದಿಯನ್ನು ಮುಚ್ಚಲೇಬೇಕೆಂದ. ತೆರೆದಿಟ್ಟರೆ ಆ ಕಡೆಯ ಝಳ ಈ ಕಡೆ ಬರುತ್ತದೆ, ತುಂಬಿದ ಕಾಗದ ವ್ಯರ್ಥ ಎಂದ. ಅವನು ಹೇಳಿದ್ದು ವಿಜ್ಞಾನ. ನಾನು ಒಪ್ಪಿದೆ. ಹುಸೇನಬಿ ಬಟ್ಟೆಯ ಸಂತೆಗೆ ಹೋಗಿದ್ದ ಹೊತ್ತಿನಲ್ಲಿ ಹಲಗೆ ಬಡಿದು, ಒಳಗೆ ಕಾಗದ ತುಂಬಿ, ಕೆಲಸ ಮುಗಿಯಿತು.

ಮನೆ ತಂಪಾಯಿತು. ಉತ್ಪ್ರೇಕ್ಷೆಯಲ್ಲ, ಮಧ್ಯಾಹ್ನ ಮೂರಕ್ಕೆ ಕುರ್ಚಿಯ ಕೈ ಮುಟ್ಟಿದರೆ ಸುಡುತ್ತಿರಲಿಲ್ಲ. ಮೊದಲ ದಿನ ಆ ಮೌನವನ್ನೂ ಸುಖವೆಂದೇ ಭಾವಿಸಿದೆ. (ಕಾಗದದ ಪದರ ಶಬ್ದವನ್ನೂ ತಡೆಯುತ್ತದೆ. ಈ ಗುಣವನ್ನು ನಾನೇ ಲಾಭಗಳ ಪಟ್ಟಿಯಲ್ಲಿ ಬರೆದಿದ್ದೆ.) ಮೂರನೆಯ ಸಂಜೆ ತಟ್ಟೆಯ ಮುಂದೆ ಕುಳಿತವಳಿಗೆ ರೊಟ್ಟಿ ಮುರಿಯುವ ಸದ್ದು ಕೇಳಿಸಿತು. ನನ್ನದೇ ರೊಟ್ಟಿ. ಮನೆಯಲ್ಲಿ ಬೇರೆ ಸದ್ದೇ ಇರಲಿಲ್ಲ.

ಹುಸೇನಬಿ ಮಗಳ ಊರಿಗೆ ಹೋಗಿರಬೇಕೆಂದುಕೊಂಡೆ. ಹೋಗಿ ಬಾಗಿಲು ಬಡಿದು ನೋಡಲಿಲ್ಲ.

ವಾರದ ನಂತರ ಮಧ್ಯಾಹ್ನ ಅಂಚೆ ಕಚೇರಿಗೆ ಹೊರಟಾಗ ಕಂಡರು. ಓಣಿಯ ತುದಿಯ ಬೇವಿನ ಮರದ ಕೆಳಗೆ, ಮೊಣಕಾಲ ಮೇಲೆ ಅರ್ಧ ಹೊಲಿದ ಕೌದಿ ಹರಡಿಕೊಂಡು ಕುಳಿತಿದ್ದರು. ಲಾರಿ ಹೋದಾಗಲೆಲ್ಲ ಧೂಳು ಎದ್ದು ಕೌದಿಯ ಮೇಲೆ ಕೂರುತ್ತಿತ್ತು. ಕೊಡವುತ್ತಿದ್ದರು, ಮತ್ತೆ ಹೊಲಿಯುತ್ತಿದ್ದರು. ಇಲ್ಲೇಕೆ ಕುಳಿತಿರೆಂದು ಕೇಳಿದೆ.

"ಮನ್ಯಾಗ ಕುಂದ್ರಾಕ ಆಗವಲ್ದ್ರಿ. ಗಾಳಿನ ಆಡವಲ್ದು," ಎಂದರು. ದನಿಯಲ್ಲಿ ದೂರು ಇರಲಿಲ್ಲ.

ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಅವರ ಕೋಣೆಗೆ ಹಿಂಬದಿಯ ಕಿಟಕಿಯಿಲ್ಲ. ನನ್ನ ಕಿಟಕಿಯಿಂದ ಬಂದ ಗಾಳಿ ಆ ಸಂದಿಯಿಂದಲೇ ಅವರಿಗೆ ದಾಟುತ್ತಿತ್ತು. ಒಂದೇ ಸೂರಿನ ಅರ್ಧಕ್ಕೆ ತಂಪು ಕಟ್ಟಿಕೊಂಡು, ಇನ್ನರ್ಧದ ಉಸಿರನ್ನು ನಾನು ಮುಚ್ಚಿದ್ದೆ.

"ನನಗ ಒಂದ ಮಾತು ಹೇಳೂದಲ್ಲೇನು, ಹುಸೇನಬಿ?"

ಅವರು ದಾರ ಕಚ್ಚಿ ತುಂಡರಿಸಿದರು. "ಏನಂತ ಹೇಳ್ಲಿ? ಈಗ ಎಲ್ಲಾರೂ ನಮ್ಮ ಕಡಿ ಮುಚ್ಚಾಕತ್ತಾರ. ಅಕ್ಕಾರೂ ಮುಚ್ಚಿದ್ರು, ಆತ ಬಿಡು, ಅಂದ್ಕೊಂಡೆ."

ನಾನು ಝಳದ ವಿಷಯ ಹೇಳಿದೆ, ಕಾಗದದ ವಿಷಯ ಹೇಳಿದೆ, ಈರಣ್ಣನ ವಿಜ್ಞಾನವನ್ನೂ ಹೇಳಿದೆ. ಅವರು ಸೂಜಿಗೆ ದಾರ ಪೋಣಿಸುತ್ತ "ಹೌದೇನ್ರಿ" ಎಂದರು. ಅಷ್ಟೇ. ಜಾತಿ, ಧರ್ಮದ ಗೋಡೆಗಳ ಬಗ್ಗೆ ನಾನು ಎಷ್ಟು ಭಾಷಣ ಮಾಡಿದ್ದೇನೆ! ಆದರೆ ಗೋಡೆಯ ಆಚೆ ಇದ್ದವರಿಗೆ ನನ್ನ ಮನಸ್ಸು ಕಾಣುವುದಿಲ್ಲ, ಹಲಗೆ ಮಾತ್ರ ಕಾಣುತ್ತದೆ. ಅವರು ಹಾಗೆ ತಿಳಿದದ್ದು ಅವರ ತಪ್ಪೇ? ಅಲ್ಲ. ಹಾಗೆ ತಿಳಿಯುವಂಥ ಕಾಲವನ್ನು ತಂದವರ ತಪ್ಪು. ಕೇಳದೆ ಮುಚ್ಚಿದ ನನ್ನ ತಪ್ಪು.

ಪರಿಹಾರ ಸುಲಭವಿತ್ತು: ಅವರ ಅರ್ಧಕ್ಕೂ ಕಾಗದ ತುಂಬಿ, ಹಿಂಬದಿಗೆ ಒಂದು ಕಿಟಕಿ ಒಡೆಯುವುದು. ಮಾಲೀಕರನ್ನು ಕೇಳಿದೆ. ನನ್ನ ಅರ್ಧಕ್ಕೆ ಮೊಬೈಲಿನಲ್ಲೇ ಒಪ್ಪಿಗೆ ಕೊಟ್ಟವರು ಈಗ ರಾಗ ಎಳೆದರು. "ಆಕಿಗ್ಯಾಕ್ರಿ ಅದೆಲ್ಲಾ? ಆಕಿ ಇಲ್ಲೇ ಇರತಾಳಂತ ಏನ್ ಗ್ಯಾರಂಟಿ?" ಹುಸೇನಬಿ ಆ ಮನೆಗೆ ನನಗಿಂತ ಮೊದಲು ಬಂದವರು. ನನ್ನ ಗ್ಯಾರಂಟಿಯನ್ನು ಯಾರೂ ಎಂದೂ ಕೇಳಿಲ್ಲ. ಇದಕ್ಕೆ ಏನೆಂದು ಹೆಸರಿಡಬೇಕೆಂದು ನಿಮಗೂ ಗೊತ್ತು, ಹುಸೇನಬಿಗೂ ಗೊತ್ತು.

ಈರಣ್ಣನನ್ನು ಮತ್ತೆ ಕರೆಸಿ ಸಂದಿ ತೆರೆಸಿದೆ. ಮಾಡಿದ ಕೆಲಸವನ್ನು ಕೈಯಾರೆ ಕೆಡಿಸುತ್ತಿದ್ದೀರೆಂದು ಅವನು ಗೊಣಗಿದ. ತಲೆಯ ಮೇಲಿನ ಕಾಗದ ಹಾಗೆಯೇ ಇದೆ. ತಂಪು ಅರ್ಧಕ್ಕೆ ಇಳಿದಿದೆ, ಇಳಿಯಲಿ. ಕಾಗದದ ಮೇಲಿನ ನನ್ನ ನಂಬಿಕೆ ಕಡಿಮೆಯಾಗಿಲ್ಲ. ಆದರೆ ಹೊದಿಸುವುದಾದರೆ ಇಡೀ ಸೂರಿಗೆ ಹೊದಿಸಬೇಕು. ಮಾಲೀಕರಿಗೆ ಅರ್ಜಿ ಬರೆದಿದ್ದೇನೆ, ಪುರಸಭೆಗೂ ಬರೆಯುತ್ತೇನೆ.

ಹುಸೇನಬಿ ಮಧ್ಯಾಹ್ನ ಒಳಗೇ ಕೂರುತ್ತಾರೆ. ಕತ್ತರಿಯ ಸದ್ದು ಕೇಳುತ್ತದೆ, ಕೆಮ್ಮು ಕೇಳುತ್ತದೆ. ಸಂಜೆಯ ಪ್ರಶ್ನೆ ಮಾತ್ರ ಬರುವುದಿಲ್ಲ. ಇಂದಿಗೆ ಆರನೆಯ ದಿನ. ತಟ್ಟೆಯ ಮುಂದೆ ಕಿವಿಗೊಟ್ಟು ಕುಳಿತಿರುತ್ತೇನೆ, ರೊಟ್ಟಿ ಆರುತ್ತದೆ, ಅವರ ಮೌನವನ್ನು ಮನಸ್ಸಿನಲ್ಲೇ ಆಕ್ಷೇಪಿಸುತ್ತೇನೆ.

ನಿನ್ನೆ ಹಾಗೆ ಕುಳಿತಿದ್ದಾಗ ಹೊಳೆಯಿತು: ಆ ಹನ್ನೊಂದು ವರ್ಷಗಳಲ್ಲಿ ಅವರು ಉಂಡರೇ ಎಂದು ನಾನು ಒಂದು ದಿನವಾದರೂ ಮೊದಲು ಕೇಳಿದ್ದೆನೇ?