ನಡುಗುವ ಕೈಗೆ ಯಾವ ಲೆನ್ಸ್?

ಶನಿವಾರಸಂತೆಯಲ್ಲಿ ನನ್ನದೊಂದು ಬ್ಯೂಟಿ ಪಾರ್ಲರ್ ಇದೆ. ಮದುಮಗಳ ಅಲಂಕಾರ ನನ್ನ ಮುಖ್ಯ ಕೆಲಸ. ಅಲಂಕಾರ ಮುಗಿದ ಮೇಲೆ ಮೊಬೈಲಿನಲ್ಲಿ ಫೋಟೋ ತೆಗೆದು, ದೊಡ್ಡದು ಮಾಡಿಸಿ ಗೋಡೆಗೆ ಹಾಕುತ್ತಿದ್ದೆ. ಅರ್ಧ ದಿನ ಕೂತು ತಿದ್ದಿದ ಮುಖ ಆ ಫೋಟೋಗಳಲ್ಲಿ ಹಿಟ್ಟು ಬಳಿದ ಹಾಗೆ ಕಾಣುತ್ತಿತ್ತು. ಆ ಸಿಟ್ಟಿಗೇ ಹಾಸನಕ್ಕೆ ಹೋಗಿ, ಯಾರೋ ಬಳಸಿ ಬಿಟ್ಟ ಕ್ಯಾಮೆರಾ ಒಂದನ್ನು ಕೊಂಡು ತಂದೆ. ತಂದ ಮೇಲೆ ಫೋಟೋಗಳು ಇನ್ನೂ ಕೆಟ್ಟದಾಗಿ ಬಂದವು.

ಪಾರ್ಲರಿಗೆ ಬರುತ್ತಿದ್ದ ಟೀಚರೊಬ್ಬರು ನನ್ನ ಗೋಳು ಕೇಳಿ, ಅಮ್ಮತ್ತಿಯಲ್ಲಿ ಕ್ಯಾಮೆರಾ ಹುಚ್ಚಿನವರ ಒಂದು ಗುಂಪಿದೆ, ಭಾನುವಾರ ಸೇರುತ್ತಾರೆ, ಹೋಗಿ ಕೇಳಿ ಎಂದರು. ಕ್ಯಾಮೆರಾ ಹಿಡಿದುಕೊಂಡು, ಬಸ್ಸು ಬದಲಿಸಿ ಬದಲಿಸಿ ಅಷ್ಟು ದೂರ ಹೋದೆ. ಪೇಟೆಯ ಒಂದು ಎಲೆಕ್ಟ್ರಿಕಲ್ ಅಂಗಡಿ, ಮುಂದಿನ ಶಟರ್ ಅರ್ಧ ಇಳಿಸಿತ್ತು. ಒಳಗೆ ವೈರಿನ ಸುರುಳಿಗಳ ನಡುವೆ ಏಳೆಂಟು ಗಂಡಸರು ಸ್ಟೂಲು ಹಾಕಿಕೊಂಡು ಕೂತಿದ್ದರು. ಎಲ್ಲರ ಕೈಯಲ್ಲೂ ಫಿರಂಗಿಯಂಥ ಲೆನ್ಸುಗಳು. ನನಗೆ ವಾಪಸು ಹೋಗಿಬಿಡೋಣ ಅನ್ನಿಸಿತು.

"ಏನ್ ಬೇಕಿತ್ತಮ್ಮಾ? ಇವತ್ತು ಅಂಗಡಿ ಇಲ್ಲ," ಎಂದರು ಅಂಗಡಿಯವರು. ಅವರ ಮನೆಮಾತು ಮಲಯಾಳ, ಕನ್ನಡ ಸ್ವಲ್ಪ ಗಡಿಬಿಡಿಯದು.

"ಅಂಗಡಿಗಲ್ಲ ಕಣ್ರೀ, ಫೋಟೋ ವಿಷಯ ಕೇಳೋಣ ಅಂತ ಬಂದೆ. ಮುಖ ಚೆನ್ನಾಗಿ ಬರೋಕೆ ಯಾವ ಕ್ಯಾಮೆರಾ ತಗೋಬೇಕು?"

ಯಾರೋ ಕೆಮ್ಮಿ ನಗು ನುಂಗಿದರು. ಮೂಲೆಯಲ್ಲಿ ಕೂತಿದ್ದ, ಬಿಳಿ ಮೀಸೆಯ, ನೆಟ್ಟಗಿನ ಬೆನ್ನಿನ ಒಬ್ಬರು ಮಾತ್ರ ನಗದೆ ಕೈ ಚಾಚಿದರು. "ಕ್ಯಾಮೆರಾ ಕೊಡಿ, ನೋಡುವ." ತಿರುಗಿಸಿ ನೋಡಿದರು. "ಇದಕ್ಕೆ ಎಂತ ಆಗಿದೆ? ಒಳ್ಳೆ ಕ್ಯಾಮೆರಾವೇ. ಇದರ ಜೊತೆ ಬಂದ ಝೂಮ್ ತೆಗೆದಿಡಿ. ಝೂಮ್ ಇಲ್ಲದ ಒಂದು ಫಿಫ್ಟಿ ಲೆನ್ಸ್ ಹಾಕಿ. ಮದುಮಗಳನ್ನ ಕಿಟಕಿ ಹತ್ರ ಕೂರಿಸಿ, ಫ್ಲ್ಯಾಶ್ ಮರೆತುಬಿಡಿ." ಆಮೇಲೆ ತಮ್ಮ ಚೀಲದಿಂದ ಚಿಕ್ಕದೊಂದು ಲೆನ್ಸ್ ತೆಗೆದು ನನ್ನ ಮುಂದಿಟ್ಟರು. "ತಗೊಂಡು ಹೋಗಿ. ಕೆಲಸ ಆಗ್ತದೆ ಅನ್ನಿಸಿದರೆ ನಿಮ್ಮದೊಂದು ಕೊಳ್ಳಿ, ಇದನ್ನ ತಂದುಕೊಡಿ."

ನನ್ನ ಊರು ಯಾವುದೆಂದು ಕೂಡ ಅವರು ಕೇಳಿರಲಿಲ್ಲ.

ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು. ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕರಾಗಿದ್ದು ನಿವೃತ್ತರಾದವರು, ಮನೆಯಲ್ಲಿ ಅರೆಭಾಷೆ ಆಡುವವರು, ಪ್ರಾಯದಲ್ಲಿ ಹಾಕಿ ಆಟ ಆಡಿದವರು. ಹಕ್ಕಿ ಅವರ ಹುಚ್ಚು. ಅವರು ಮೊಬೈಲಿನ ಗುಂಪಿಗೆ ಹಾಕಿದ ಫೋಟೋಗಳನ್ನು ಮೊದಲ ಸಲ ನೋಡಿದಾಗ ನಾನು ಮೊಬೈಲನ್ನು ಕಣ್ಣಿನ ಹತ್ತಿರ ತಂದುಕೊಂಡು ಬಹಳ ಹೊತ್ತು ಕೂತಿದ್ದೆ. ಒಂದು ರಾಜಹಕ್ಕಿ ಕೊಳದ ನೀರಿಗೆ ಬಿದ್ದು ಏಳುವ ಗಳಿಗೆ. ರಿಬ್ಬನ್ನಿನಂಥ ಉದ್ದ ಬಿಳಿ ಬಾಲದ ತುದಿಯಿಂದ ಹಾರಿದ ಒಂದೊಂದು ಹನಿಯೂ ಬೇರೆ ಬೇರೆ ಕಾಣುತ್ತಿತ್ತು. ಹೇಗೆ ತೆಗೆದಿರಿ ಎಂದು ಯಾರು ಕೇಳಿದರೂ ಅವರು ಮುಚ್ಚಿಡುತ್ತಿರಲಿಲ್ಲ. ಯಾವ ಕೊಳ, ಯಾವ ಹೊತ್ತು, ಕ್ಯಾಮೆರಾದ ಶಟರ್ ಸ್ಪೀಡ್ ಎಷ್ಟು, ಎಲ್ಲಿ ಕೂತಿದ್ದೆ, ಎಲ್ಲ ಹೇಳುತ್ತಿದ್ದರು. ಹಾಗೆ ಹೇಳಿಬಿಟ್ಟರೆ ಎಲ್ಲರೂ ಅಲ್ಲಿಗೇ ಹೋಗುತ್ತಾರಲ್ಲ ಎಂದರೆ, "ಹೋಗಲಿ. ಹಕ್ಕಿ ನನ್ನ ಮನೇದಾ?" ಎನ್ನುತ್ತಿದ್ದರು.

ಮೇಷ್ಟ್ರ ಲೆನ್ಸಿನಲ್ಲಿ ಮುಖ ಮುಖದ ಹಾಗೇ ಬಂತು; ನನ್ನದೊಂದು ಕೊಂಡು, ಅವರದನ್ನು ಮರಳಿಸಲು ಹೋದವಳು ಆ ಗುಂಪಿಗೆ ಅಂಟಿಕೊಂಡೆ. ಅಲ್ಲಿ ನಡೆಯುತ್ತಿದ್ದಷ್ಟು ಜಗಳವನ್ನು ನಾನು ಮದುವೆ ಮನೆಗಳಲ್ಲೂ ಕಂಡಿಲ್ಲ. ಝೂಮ್ ಒಳ್ಳೆಯದೋ ಝೂಮ್ ಇಲ್ಲದ್ದೋ ಎಂದು ಶುರುವಾದರೆ ಚಹಾ ತಣ್ಣಗಾಗುತ್ತಿತ್ತು. ಪಾಲಿಬೆಟ್ಟದ ಕಡೆಯ ಒಬ್ಬ ಕಾಫಿ ಪ್ಲಾಂಟರ್ ನಮ್ಮಲ್ಲೆಲ್ಲ ದುಬಾರಿ ಸಾಮಾನು ಇಟ್ಟವರು, ಹಾಗೆಯೇ ಎಲ್ಲರಿಗಿಂತ ಹೆಚ್ಚು ಬೈಸಿಕೊಳ್ಳುವವರು. ಒಂದು ಮಳೆಗಾಲದಲ್ಲಿ ಅವರ ಹೊಸ ಲೆನ್ಸಿನೊಳಗೆ ಜೇಡರ ಬಲೆಯಂತೆ ಬೂಷ್ಟು ಹಿಡಿಯಿತು. ಅಕ್ಕಿ ಡಬ್ಬದಲ್ಲಿಡಿ ಎಂದರು ಒಬ್ಬರು. ಅಕ್ಕಿಯ ಧೂಳು ಒಳಗೆ ಸೇರುತ್ತದೆ, ಬೇಡ ಎಂದರು ಇನ್ನೊಬ್ಬರು. ಅಂಗಡಿಯವರು ಯಾರ ಮಾತೂ ಕೇಳದೆ ಕೆಟ್ಟುಹೋದ ಒಂದು ಫ್ರಿಜ್ ತಂದು, ಒಳಗೆ ಸಣ್ಣದೊಂದು ಬಲ್ಬು ಕೂರಿಸಿ, ಎಲ್ಲರ ಲೆನ್ಸುಗಳೂ ಬೆಚ್ಚಗಿರುವ ಕಪಾಟು ಮಾಡಿಕೊಟ್ಟರು. ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮ ಆಸ್ತಿಯೆಲ್ಲ ಆ ಫ್ರಿಜ್ಜಿನಲ್ಲೇ.

ಹೀಗಿರುವಾಗ ಮೊಬೈಲಿನ ಗುಂಪಿಗೆ ಮೇಷ್ಟ್ರ ಫೋಟೋಗಳು ಬರುವುದು ನಿಂತಿತು. ಬೇರೆಯವರ ಫೋಟೋಗಳಿಗೆ ಸಲಹೆ ಬರೆಯುತ್ತಿದ್ದರು. ತಮ್ಮದು ಒಂದೂ ಹಾಕುತ್ತಿರಲಿಲ್ಲ. ಕಾಡಿನ ದಾರಿ ಆಗುತ್ತಿಲ್ಲವೇನೋ, ಮಂಡಿ ನೋವೇನೋ ಎಂದು ನಾವೇ ಅಂದುಕೊಂಡೆವು. ಭಾನುವಾರಗಳಿಗೆ ಮಾತ್ರ ತಪ್ಪದೆ ಬರುತ್ತಿದ್ದರು. ಬಂದರೆ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂರುತ್ತಿದ್ದರು. ಚಹಾ ಬೇಡ ಎನ್ನುತ್ತಿದ್ದರು.

ಒಂದು ಭಾನುವಾರ ಪ್ಲಾಂಟರ್ ಹೊಸದೊಂದು ಲೆನ್ಸ್ ಬಿಚ್ಚಿ ಅದರ ಗುಣಗಾನ ಮಾಡುತ್ತಿದ್ದರು. ಮೇಷ್ಟ್ರು ನಡುವೆ ಬಾಯಿ ಹಾಕಿದರು.

"ನಂದೊಂದು ಪ್ರಶ್ನೆ ಉಂಟು. ಕೈ ನಡುಗುವವರಿಗೆ ಯಾವ ಲೆನ್ಸ್ ಒಳ್ಳೇದು?"

ಹೇಳಿ, ತೊಡೆಯ ಕೆಳಗಿನಿಂದ ಎರಡೂ ಕೈ ತೆಗೆದು ಮುಂದೆ ಚಾಚಿದರು. ಬೆರಳುಗಳು ಗಾಳಿಗೆ ಸಿಕ್ಕ ಎಲೆಯ ಹಾಗೆ ಅದುರುತ್ತಿದ್ದವು. ಮೈಸೂರಿನ ಡಾಕ್ಟರಿಗೆ ತೋರಿಸಿದ್ದಾಗಿತ್ತಂತೆ. ಪ್ರಾಣಕ್ಕೆ ಏನೂ ಆಗುವುದಿಲ್ಲ, ಆದರೆ ನಡುಕ ಹೋಗುವುದೂ ಇಲ್ಲ. ಸುಮ್ಮನಿದ್ದಾಗ ಅಷ್ಟಿಲ್ಲ, ಏನಾದರೂ ಎತ್ತಿ ಹಿಡಿದರೆ ಜಾಸ್ತಿ. ಅವರ ತಂದೆಗೂ ಹೀಗೇ ಇತ್ತಂತೆ. ಇಷ್ಟನ್ನೂ ಅವರು ಲೆನ್ಸಿನ ಗುಣದೋಷ ಹೇಳುವ ಧಾಟಿಯಲ್ಲೇ ಹೇಳಿದರು.

"ಅಯ್ಯೋ ಪಾಪ" ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅಂಗಡಿಯವರು ಸ್ಟೂಲು ಎಳೆದುಕೊಂಡು ಮೇಷ್ಟ್ರ ಎದುರು ಕೂತರು.

"ಎಷ್ಟು ನಡುಗ್ತದೆ ಸಾರ್? ಬಾಯಲ್ಲಿ ಹೇಳಿದ್ರೆ ಗೊತ್ತಾಗಲ್ಲ. ಕ್ಯಾಮೆರಾ ತಗೊಳಿ, ಎದುರಿನ ಬೋರ್ಡ್ ಹೊಡೀರಿ, ನೋಡೋಣ."

ಮೇಷ್ಟ್ರ ಮುಖ ಸಡಿಲವಾದದ್ದನ್ನು ನಾನು ನೋಡಿದೆ. ದಿನವೂ ಮುಖಗಳನ್ನೇ ನೋಡುವ ಕೆಲಸ ನನ್ನದು. ಅದು ಸಮಾಧಾನದ ಮುಖ. ಅವರು ಕೇಳಿದ್ದು ಲೆನ್ಸಿನ ಪ್ರಶ್ನೆ, ಸಿಕ್ಕಿದ್ದು ಲೆನ್ಸಿನ ಉತ್ತರ.

ಅಂಗಡಿಯ ಶಟರ್ ಮೇಲೆತ್ತಿ, ರಸ್ತೆಯಾಚೆಯ ಗೊಬ್ಬರದಂಗಡಿಯ ಬೋರ್ಡಿಗೆ ಗುರಿಯಿಟ್ಟು ಮೇಷ್ಟ್ರು ಫೋಟೋ ತೆಗೆಯುತ್ತ ಹೋದರು. ನಾವೆಲ್ಲ ಪರದೆಗೆ ಮುಖ ಹಚ್ಚಿ ಅಕ್ಷರ ಎಷ್ಟು ಅಲುಗಿದೆ ನೋಡಿದೆವು. ಆಮೇಲೆ ಎಂದಿನ ಜಗಳ ಶುರುವಾಯಿತು. ಹಗುರ ಲೆನ್ಸ್ ಒಳ್ಳೆಯದು ಎಂದರು ಒಬ್ಬರು. ಅಲ್ಲ, ಭಾರವಿದ್ದರೇ ನಡುಕ ಕಮ್ಮಿ ಎಂದರು ಪ್ಲಾಂಟರ್. ಭಾರದ್ದು ಕೊಟ್ಟು ನೋಡಿದೆವು. ಸ್ವಲ್ಪ ಹೊತ್ತು ನಿಜವೆನಿಸಿತು, ಆಮೇಲೆ ತೋಳು ಸೋತು ಮೊದಲಿಗಿಂತ ಕಷ್ಟವಾಯಿತು. ಒಂಟಿ ಕೋಲಿನ ಸ್ಟ್ಯಾಂಡ್ ಕೊಟ್ಟರೆ ಕೋಲೇ ನಡುಗಿತು. ಮೂರು ಕಾಲಿನದು ಗಟ್ಟಿ ನಿಂತಿತು, ಆದರೆ ಹಾರುವ ಹಕ್ಕಿಗೆ ಅದನ್ನು ತಿರುಗಿಸುವುದು ಹೇಗೆ?

ನನಗೆ ಗೊತ್ತಿದ್ದದ್ದು ಒಂದೇ. ಹೇಳಲೋ ಬೇಡವೋ ಎಂದು ಅಳುಕುತ್ತಲೇ ಹೇಳಿದೆ: "ನಾವು ಕಣ್ಣಿಗೆ ಐಲೈನರ್ ಎಳೀವಾಗ ಕೈನ ಗಾಳೀಲಿ ಬಿಡಲ್ಲ ಸಾರ್. ಕಿರುಬೆರಳನ್ನ ಅವರ ಕೆನ್ನೆ ಮೇಲೆ ಊರ್ಕೋತೀವಿ. ಕೆನ್ನೆ ಅಲುಗಿದ್ರೆ ಕೈನೂ ಜೊತೇಲೇ ಅಲುಗುತ್ತೆ, ಗೆರೆ ಕೆಡಲ್ಲ. ನೀವು ಕೈಗೆ ಕ್ಯಾಮೆರಾ ಹೊರಿಸಬೇಡಿ. ಕ್ಯಾಮೆರಾ ಎಲ್ಲಾದ್ರೂ ಮಲಗಿರ್ಲಿ, ಕೈ ಅದರ ಮೇಲೆ ಸುಮ್ನೆ ಒರಗಿರ್ಲಿ."

ಮೇಷ್ಟ್ರು ನನ್ನನ್ನೇ ನೋಡಿದರು. "ಅದು ಸರಿ," ಎಂದರು. "ಮಲಗಿಸೋದು ಎಲ್ಲಿ?"

ಹೀಗೆ ಹುಟ್ಟಿದ್ದು ನಮ್ಮ ದಿಂಬು. ಜೀಪಿನ ಕಿಟಕಿಯ ಮೇಲೆ ಕೂರುವ ಹಾಗೆ, ಕುದುರೆಯ ಜೀನಿನ ಆಕಾರದಲ್ಲಿ ದಪ್ಪ ಬಟ್ಟೆಯ ಚೀಲ ನಾನು ಹೊಲಿದೆ. ಅದಕ್ಕೆ ಏನು ತುಂಬಬೇಕು ಎಂಬುದು ಪ್ಲಾಂಟರರ ಪಾಲಿಗೆ ಬಂತು. ಅವರು ಮನೆಯಲ್ಲಿ ಕೈಗೆ ಸಿಕ್ಕಿದ್ದನ್ನು ತುಂಬಿ ತಂದರು: ಕರಿಮೆಣಸು.

ಶಿರಂಗಾಲದ ಹತ್ತಿರ ಹೊಳೆಯ ದಡದ ಮಣ್ಣಿನ ಗೋಡೆಯಲ್ಲಿ ಕಳ್ಳಿಪೀರಗಳು ಗೂಡು ತೋಡಿವೆ ಎಂದು ನಾನೇ ಸುದ್ದಿ ತಂದಿದ್ದೆ. ಆ ಊರಿನ ಮದುಮಗಳೊಬ್ಬಳ ಮನೆಗೆ ಹೋದಾಗ ಕಂಡದ್ದು. ಹಸಿರು ಮೈ, ಕೊಂಕು ಕೊಕ್ಕು, ಜೇನುನೊಣವನ್ನು ಗಾಳಿಯಲ್ಲೇ ಹಿಡಿಯುವ ಪುಟ್ಟ ಹಕ್ಕಿ ಅದು. ಬಿಸಿಲು ಏರುವ ಮೊದಲೇ ಪ್ಲಾಂಟರರ ಜೀಪಿನಲ್ಲಿ ಅವರು, ಮೇಷ್ಟ್ರು, ಅಂಗಡಿಯವರು, ನಾನು, ನಾಲ್ವರೂ ಅಲ್ಲಿದ್ದೆವು. ಮೇಷ್ಟ್ರು ಮುಂದಿನ ಸೀಟಿನಲ್ಲಿ ಕೂತು, ಕಿಟಕಿಯ ಮೇಲೆ ದಿಂಬು, ದಿಂಬಿನ ಮೇಲೆ ತಮ್ಮ ಉದ್ದ ಲೆನ್ಸ್ ಇಟ್ಟು, ಕೆನ್ನೆ ಒತ್ತಿ ಕಣ್ಣು ಕಿರಿದು ಮಾಡಿದರು. ಲೆನ್ಸ್ ಅಲುಗದೆ ಮಲಗಿತ್ತು. ಒಂದು ಹಕ್ಕಿ ಬಂದು ಮುಳ್ಳು ಕಡ್ಡಿಯ ಮೇಲೆ ಕೂತಿತು. ಮೇಷ್ಟ್ರು ಉಸಿರೆಳೆದುಕೊಂಡರು. ಎಳೆದುಕೊಂಡಿದ್ದೇ ಸೀನಿದರು. ಹಕ್ಕಿ ಹಾರಿತು. ಇನ್ನೊಂದು ಬಂತು, ಮತ್ತೆ ಸೀನು.

"ಎಂತ ಮಾರಾಯ, ನಿನ್ನ ಮೆಣಸು ನನ್ನ ನಡುಕಕ್ಕಿಂತ ಜೋರುಂಟಲ್ಲ!" ಎಂದು ಮೇಷ್ಟ್ರು ಕಣ್ಣೊರೆಸಿಕೊಂಡು ನಕ್ಕರು. ಎಷ್ಟೋ ತಿಂಗಳ ಮೇಲೆ ಅವರು ಹಾಗೆ ಬಾಯಿತುಂಬ ನಕ್ಕದ್ದು.

ಪಕ್ಕದ ಹೊಲದ ರೈತರೊಬ್ಬರು ಈ ಸೀನಿನ ಸದ್ದಿಗೆ ಬಂದು ವಿಷಯ ಕೇಳಿದರು. ಒಣಗಿಸಿಟ್ಟಿದ್ದ ಮುಸುಕಿನ ಜೋಳ ತಂದು, "ಇದ್ ತುಂಬ್ಕಳಿ, ವಾಸ್ನೆ ಗೀಸ್ನೆ ಇಲ್ಲ," ಎಂದರು. ಮೆಣಸನ್ನು ಪ್ಲಾಂಟರರ ರೇನ್‌ಕೋಟಿಗೆ ಸುರಿದು ಜೋಳ ತುಂಬಿದೆವು. ದಿಂಬು ಇನ್ನೂ ಚೆನ್ನಾಗಿ ಕೂತಿತು.

ಆದರೂ ಒಂದು ತೊಡಕು ಉಳಿದಿತ್ತು. ಗುಂಡಿ ಒತ್ತಲು ಬೆರಳು ತಂದ ಕ್ಷಣ ಕ್ಯಾಮೆರಾ ಪೂರ್ತಿ ಅದುರುತ್ತಿತ್ತು. ಅಂಗಡಿಯವರು ಇದನ್ನು ಮೊದಲೇ ಊಹಿಸಿದ್ದರು. ಚೀಲದಿಂದ ಒಂದು ಪೆಡಲ್ ತೆಗೆದರು. ಹೊಲಿಗೆ ಯಂತ್ರದ್ದನ್ನು ಕಿತ್ತು, ವೈರು ಜೋಡಿಸಿ ಕ್ಯಾಮೆರಾಕ್ಕೆ ಸಿಕ್ಕಿಸುವಂತೆ ಮಾಡಿದ್ದರು. ಬಗ್ಗಿ ಅದನ್ನು ಮೇಷ್ಟ್ರ ಪಾದದ ಕೆಳಗಿಟ್ಟರು.

"ಕೈಗೆ ರಜೆ ಕೊಡಿ ಸಾರ್. ಕಾಲಲ್ಲಿ ಒತ್ತಿ."

ಮೇಷ್ಟ್ರು ಶೂ ಕಳಚಿದರು. ಹೆಬ್ಬೆರಳಿನಿಂದ ಪೆಡಲನ್ನು ಒಂದೆರಡು ಸಲ ತಟ್ಟಿ ನೋಡಿದರು. "ಕಾಲು ಇನ್ನೂ ನನ್ನ ಮಾತು ಕೇಳ್ತದೆ," ಎಂದರು.

ಆಮೇಲೆ ನಾನು ನೋಡಿದ್ದನ್ನು ಹೇಗೆ ಹೇಳಲಿ? ವರ್ಷಗಟ್ಟಲೆ ಮೈದಾನದಲ್ಲಿ ಚೆಂಡು ಬರುವ ಮುಂಚೆಯೇ ಹೆಜ್ಜೆ ಇಟ್ಟ ಕಾಲು ಅದು. ಹಕ್ಕಿ ಕಡ್ಡಿಯಿಂದ ಏಳುವ ಮೊದಲು ಕುತ್ತಿಗೆಯನ್ನು ಸ್ವಲ್ಪವೇ ತಗ್ಗಿಸುತ್ತದೆ. ನನಗದು ಕಾಣುವಷ್ಟರಲ್ಲಿ ಮೇಷ್ಟ್ರ ಹೆಬ್ಬೆರಳು ಕೆಳಗಿಳಿದಿರುತ್ತಿತ್ತು. ತಪ್ಪಿದವು ಬಹಳ. ಖಾಲಿ ಆಕಾಶ, ಬರೀ ಬಾಲ, ಮಸುಕು ಹಸಿರು. ಅವರು ಬೇಸರಿಸಲಿಲ್ಲ, ನೋಡುತ್ತಲೂ ಇರಲಿಲ್ಲ. ಮುಂದಿನ ಹಕ್ಕಿಗೆ ಕಾಯುತ್ತಿದ್ದರು. ಬಿಸಿಲು ಬಿಳಿಚಿಕೊಂಡ ಮೇಲೆ ಕ್ಯಾಮೆರಾವನ್ನು ನನ್ನ ಕೈಗೆ ಕೊಟ್ಟು, "ನೀವೇ ನೋಡಿ ಹೇಳಿ, ನನಗೆ ಧೈರ್ಯ ಇಲ್ಲ," ಎಂದರು.

ಒಂದೊಂದೇ ಸರಿಸುತ್ತ ಹೋದೆ. ಒಂದರ ಹತ್ತಿರ ಬೆರಳು ನಿಂತಿತು. ಕಳ್ಳಿಪೀರ ರೆಕ್ಕೆ ಪೂರ್ತಿ ಬಿಚ್ಚಿ ತಿರುಗುತ್ತಿದೆ, ಕೊಕ್ಕಿನಿಂದ ಬೆರಳಗಲ ದೂರದಲ್ಲಿ ಜೇನುನೊಣ, ಇನ್ನೂ ಸಿಕ್ಕಿಲ್ಲ. ಹಕ್ಕಿಯ ಕೆಂಪು ಕಣ್ಣು ನೊಣವನ್ನೇ ನೋಡುತ್ತಿದೆ. ಗೆರೆ ಎಳೆದಷ್ಟು ಚೂಪು. ಪರದೆಯನ್ನು ಅವರ ಕಡೆ ತಿರುಗಿಸಿದೆ.

ಮೇಷ್ಟ್ರು ಬಹಳ ಹೊತ್ತು ನೋಡಿದರು. ಹೊಳೆಯ ಕಡೆ ತಿರುಗಿ ಮೂಗು ಸೆಳೆದುಕೊಂಡರು. "ಮೆಣಸಿನ ಘಾಟು ಇನ್ನೂ ಉಂಟು," ಎಂದರು. ನಾವ್ಯಾರೂ ಅಲ್ಲಗಳೆಯಲಿಲ್ಲ.

ಅಂದು ಸಂಜೆ ಅವರು ಗುಂಪಿಗೆ ಆ ಫೋಟೋ ಹಾಕಿದರು. ಕೆಳಗೆ ಎಂದಿನಂತೆ ಎಲ್ಲ ವಿವರ: ಶಟರ್ ಸ್ಪೀಡ್ ಎಷ್ಟು, ಹೊತ್ತು ಯಾವುದು, ದಿಂಬಿಗೆ ಜೋಳ ತುಂಬಬೇಕು, ಮೆಣಸು ಕೂಡದು, ಪೆಡಲ್ ಎಡಗಾಲಿಗಿಂತ ಬಲಗಾಲಿಗೆ ಲೇಸು. ತಮ್ಮ ನಡುಕವನ್ನೂ ಮುಚ್ಚಿಡದೆ ಬರೆದಿದ್ದರು. ಅದನ್ನು ಓದಿದ ಯಾರೋ, ತಮ್ಮ ಅಮ್ಮನ ಕೈಯೂ ಹೀಗೆಯೇ, ಚಿತ್ರ ಬರೆಯುವುದನ್ನು ಬಿಟ್ಟಿದ್ದಾರೆ, ಏನು ಮಾಡಲಿ ಎಂದು ಕೇಳಿದಾಗ, ಮೇಷ್ಟ್ರು ಆ ಮನೆಗೇ ಹೋಗಿ, ತೋಳು ಊರುವ ಎತ್ತರಕ್ಕೆ ಮೇಜು ಸರಿಮಾಡಿಸಿ ಬಂದರಂತೆ.

ನಡುಕ ಆಮೇಲೆ ಇನ್ನಷ್ಟು ಹೆಚ್ಚಿತು. ಈಗ ಅವರು ದೂರ ಹೋಗುವುದಿಲ್ಲ. ಮನೆಯ ಹಿಂದಿನ ಕೆರೆಯ ಮಗ್ಗುಲಲ್ಲಿ ಕುರ್ಚಿ ಹಾಕಿಸಿಕೊಂಡಿದ್ದಾರೆ. ದಿಂಬಿನ ಮೇಲೆ ಕೂಡ ಲೆನ್ಸನ್ನು ಅತ್ತಿತ್ತ ತಿರುಗಿಸುವುದು ಕಷ್ಟವಾದಾಗ, ಅದುವರೆಗೆ ಕ್ಯಾಮೆರಾ ಮುಟ್ಟದ ಅವರ ಹೆಂಡತಿ, ನಾವೆಲ್ಲ ಅಮ್ಮ ಎನ್ನುವವರು, ಬಂದು ಪಕ್ಕದಲ್ಲಿ ಕೂತರು. ಗುರಿ ಹಿಡಿಯುವುದು ಅಮ್ಮ, ಪೆಡಲ್ ಒತ್ತುವುದು ಮೇಷ್ಟ್ರು.

ಹೋದ ತಿಂಗಳು ನಾನು ಹೋದಾಗ ಇಬ್ಬರಿಗೂ ಜೋರು ವಾದ ನಡೆದಿತ್ತು. "ಬಲಕ್ಕೆ, ಬಲಕ್ಕೆ!" ಎನ್ನುತ್ತಿದ್ದರು ಮೇಷ್ಟ್ರು. "ನಂಗೆ ಕಾಣ್ತದೆ, ನೀವು ಸುಮ್ಮನೆ ಕಾಲು ನೋಡ್ಕೊಳ್ಳಿ," ಎನ್ನುತ್ತಿದ್ದರು ಅಮ್ಮ. ಮಿಂಚುಳ್ಳಿ ನೀರಿಗೆ ಬಿತ್ತು, ಪೆಡಲ್ ಟಕ್ ಎಂದಿತು. ಇಬ್ಬರೂ ತಲೆಗೆ ತಲೆ ತಾಗಿಸಿ ಪರದೆಯ ಮೇಲೆ ಬಾಗಿದರು.

"ಬಾಲ ಕತ್ತರಿಸಿ ಹೋಗಿದೆ," ಎಂದರು ಮೇಷ್ಟ್ರು.

"ನೀವು ತಡ ಮಾಡಿದ್ದು," ಎಂದರು ಅಮ್ಮ. ಮತ್ತೆ ಲೆನ್ಸನ್ನು ನೀರಿನ ಕಡೆ ತಿರುಗಿಸಿ, ಮಾತಾಡಬೇಡ ಎಂದು ನನಗೂ ಕೈ ಮಾಡಿದರು.