ಕಾರ್ಬನ್ ಸೈಕಲ್ ಪಂಡಿತನ ಮುಂಡಗೋಡ ಯಾತ್ರೆ

ಸೂಪಾ ಅಣೆಕಟ್ಟು ದಾಟಿ ಜೋಯಿಡಾ ಕಡೆಗೆ ಏರುವ ರಸ್ತೆಯಲ್ಲಿ ಒಬ್ಬ ಮುದುಕ ನನ್ನನ್ನು ಹಿಂದೆ ಹಾಕಿದ. ನಾನು ಸೈಕಲ್ ತುಳಿಯುತ್ತಿದ್ದೆ, ಅವನು ನಡೆಯುತ್ತಿದ್ದ. ತಲೆಯ ಮೇಲೆ ಕಟ್ಟಿಗೆಯ ಹೊರೆ ಬೇರೆ. ಪಕ್ಕಕ್ಕೆ ಬಂದಾಗ ಕೊಂಕಣಿಯಲ್ಲಿ ಏನೋ ಅಂದ. ಮಾತು ತಿಳಿಯಲಿಲ್ಲ, ಅದರಲ್ಲಿದ್ದ ಮರುಕ ಮಾತ್ರ ಚೆನ್ನಾಗಿ ತಿಳಿಯಿತು.

ಹಳಿಯಾಳದಲ್ಲಿ ನನ್ನದೊಂದು ಔಷಧಿ ಅಂಗಡಿ ಇದೆ. ಊರಿನವರಿಗೆಲ್ಲ ಸಕ್ಕರೆ ಕಾಯಿಲೆಯ ಗುಳಿಗೆ ಕೊಡುತ್ತಾ ಕೂತವನಿಗೆ ಒಂದು ದಿನ ಅದೇ ಗುಳಿಗೆಯ ಚೀಟಿ ನನ್ನ ಹೆಸರಿಗೂ ಬಂದಿತ್ತು. ವ್ಯಾಯಾಮಕ್ಕೆಂದು ದಪ್ಪ ಚಕ್ರದ ಹಳೆಯ ಸೈಕಲ್ ಒಂದನ್ನು ಹಿಡಿದಿದ್ದೆ. ದೂರ ಹೋಗುವ ದಿನ ದಾಂಡೇಲಿಯಿಂದ ನನ್ನ ಗೆಳೆಯ ಸ್ಕೂಟರಿನಲ್ಲಿ ಹಿಂದೆ ಬರುತ್ತಿದ್ದ. ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ಈಗ ಅವನಿಗೆ ಮೋಟಾರ್ ಸೈಕಲ್ ರಿಪೇರಿಯ ಗ್ಯಾರೇಜಿದೆ. ನಾನು ಬಿದ್ದರೆ ಎತ್ತಲು ಒಬ್ಬರು ಬೇಕಲ್ಲ ಎಂದು ಆ ಕೆಲಸ ಅವನೇ ವಹಿಸಿಕೊಂಡಿದ್ದ.

ಮುದುಕ ತಿರುವಿನಲ್ಲಿ ಮರೆಯಾದ ಮೇಲೆ ಗೆಳೆಯ ಸ್ಕೂಟರ್ ನಿಲ್ಲಿಸಿ ಹೊಟ್ಟೆ ಹಿಡಿದು ನಕ್ಕ.

"ಲೇ ದೋಸ್ತಾ, ಆ ಅಜ್ಜಗ ಹೇಳ್ಲೇನು? ನಿನ್ನೂ ಹೊರಿ ಮ್ಯಾಲ ಕುಂದ್ರಿಸ್ಕೊಂಡು ಹೊಕ್ಕಾನ."

"ತಪ್ಪು ನಂದಲ್ಲಪಾ, ಈ ಸೈಕಲ್ಲಿಂದು. ಎಷ್ಟ್ ಭಾರ ಐತಿ ನೋಡು," ಅಂದೆ.

ಬಾಯಿಂದ ಬಂದ ಆ ಮಾತನ್ನು ನಾನೇ ಮೊದಲು ನಂಬಿದೆ. ಅಲ್ಲಿಂದ ನನ್ನ ವ್ಯಾಸಂಗ ಶುರುವಾಯಿತು. ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತಿನಲ್ಲೆಲ್ಲ ಮೊಬೈಲಿನಲ್ಲಿ ಸೈಕಲ್ ವಿಡಿಯೊ. ಕಬ್ಬಿಣಕ್ಕಿಂತ ಅಲ್ಯೂಮಿನಿಯಂ ಹಗುರ, ಅಲ್ಯೂಮಿನಿಯಂಗಿಂತ ಕಾರ್ಬನ್ ಹಗುರ. ಕಾರ್ಬನ್ ಚೌಕಟ್ಟು ರಸ್ತೆಯ ನಡುಕವನ್ನೂ ನುಂಗುತ್ತದಂತೆ. ಹೊಸದು ನಮ್ಮಂಥವರ ಕೈಗೆ ಎಟುಕದು. ಎರಡು ಮೂರು ವರ್ಷ ಹಳೆಯದಾದ, ಒಮ್ಮೆಯೂ ಬಿದ್ದಿರದ, ನಡುಮಟ್ಟದ ಗೇರು ಇರುವ ಸೆಕೆಂಡ್ ಹ್ಯಾಂಡ್ ಸೈಕಲ್ಲೇ ಜಾಣರ ಆಯ್ಕೆ. ಗಾಲಿಯೂ ಕಾರ್ಬನ್ನಿನದೇ ಆಗಬೇಕೆಂಬ ಆಸೆಗೆ ಬಿದ್ದರೆ ದುಡ್ಡು ದಂಡ. ಇದನ್ನೆಲ್ಲ ನಾನು ಕೆಮ್ಮಿನ ಔಷಧಿ ಕೇಳಲು ಬಂದವರಿಗೂ ಹೇಳತೊಡಗಿದೆ. ಕೆಲವರು ಔಷಧಿ ಬಿಟ್ಟೇ ಹೋದರು.

ನನ್ನ ಹೆಂಡತಿ ಕನ್ನಡ ಶಾಲೆಯ ಶಿಕ್ಷಕಿ. ಪಾಠ ಒಪ್ಪಿಸುವ ಮಕ್ಕಳನ್ನು ನೋಡುವ ಹಾಗೆಯೇ ನನ್ನನ್ನು ನೋಡುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು.

"ಹಂಗಾರ ಎಷ್ಟ್ ಹಗರ ಆಗ್ತೈತ್ರಿ ಅದು?"

"ಈಗಿನ್ದಕ್ಕಿಂತ ಐದಾರು ಕಿಲೋ."

"ರಾತ್ರಿ ಎರಡು ರೊಟ್ಟಿ ಬಿಡ್ರಿ. ಫುಕಟ ಹಗರ ಆಗ್ತೀರಿ."

ನಾನು ಮುನಿಸಿಕೊಂಡೆ. ಆ ರಾತ್ರಿ ರೊಟ್ಟಿ ಬಿಟ್ಟು ಅನ್ನವನ್ನೇ ಎರಡು ಸಲ ಹಾಕಿಸಿಕೊಂಡೆ. ಕೊನೆಗೆ ಅವಳು ಒಂದು ಷರತ್ತಿನ ಮೇಲೆ ಒಪ್ಪಿದಳು. ಹಳೆಯ ಸ್ಕೂಟರ್ ಒಂದಕ್ಕೆ ಬೀಳುವ ಬೆಲೆಗಿಂತ ಒಂದು ರೂಪಾಯಿಯೂ ಹೆಚ್ಚಾಗಕೂಡದು.

ಆ ಮಿತಿಯೊಳಗೆ ಬರುವ ಕಾರ್ಬನ್ ಸೈಕಲ್ ಬೆಂಗಳೂರಿನಲ್ಲೋ ಪುಣೆಯಲ್ಲೋ ಸಿಗಬಹುದೆಂದು ಹುಡುಕುತ್ತಿದ್ದವನಿಗೆ ಅದು ಮುಂಡಗೋಡದಲ್ಲೇ ಸಿಕ್ಕಿತು. ಮೊಬೈಲಿನ ಜಾಹೀರಾತಿನಲ್ಲಿ ಕಪ್ಪಗೆ ಮಿಂಚುತ್ತಾ ಗೋಡೆಗೆ ಒರಗಿ ನಿಂತಿತ್ತು. ವಿಡಿಯೊದವರೆಲ್ಲ ಒಬ್ಬರನ್ನೊಬ್ಬರು ಬ್ರೋ ಎನ್ನುತ್ತಿದ್ದರಿಂದ ನಾನೂ ಮಾರುವವರಿಗೆ "ಬ್ರೋ, ಕಾರ್ಬನ್ ಒರಿಜಿನಲ್ಲಾ?" ಎಂದು ಸಂದೇಶ ಕಳಿಸಿದೆ. "ಹೌದು" ಎಂದು ಉತ್ತರ ಬಂತು. ಬಿದ್ದಿದೆಯಾ ಬ್ರೋ? ಇಲ್ಲ. ಸರಪಳಿ ಯಾವಾಗ ಬದಲಿಸಿದ್ದು ಬ್ರೋ? ಹೋದ ವರ್ಷ. ಜಾಹೀರಾತಿನ ಕೊನೆಗೆ ಇಂಗ್ಲಿಷಿನ 'ಎಸ್' ಅಕ್ಷರ ಇತ್ತು. ಅದರ ಬಗ್ಗೆ ಮಾತ್ರ ಕೇಳಲಿಲ್ಲ. ಕಾರುಗಳ ಹೆಸರಿನ ಹಿಂದೆ ಏನೇನೋ ಅಕ್ಷರ ಇರುವುದಿಲ್ಲವೇ, ಇದು ಸ್ಪೋರ್ಟ್ಸ್ ಮಾದರಿ ಇರಬೇಕೆಂದು ಒಳಗೊಳಗೇ ಹಿಗ್ಗಿದೆ.

ಮುಂಡಗೋಡದ ಸಂತೆಯ ದಿನ ಮೂವರೂ ನಮ್ಮ ಕಾರಿನಲ್ಲಿ ಹೊರಟೆವು. ಹೆಂಡತಿಯ ತವರು ಅದೇ ತಾಲ್ಲೂಕಿನ ಮಳಗಿ. ಸೈಕಲ್ ನೋಡಿ ಹಾಗೇ ಅಲ್ಲಿಗೆ ಊಟಕ್ಕೆ ಹೋಗುವುದೆಂದು ಮಾತಾಗಿತ್ತು. ಗೆಳೆಯನನ್ನು ತಜ್ಞನೆಂದು ಕರೆದುಕೊಂಡಿದ್ದೆ. ದಾರಿಯಲ್ಲಿ ಅವನು, "ಕಾರ್ಬನ್ ಅಂದ್ರ ನನಗ ಗೊತ್ತಿರೂದು ಪ್ಲಗ್ಗಿಗೆ ಹಿಡಿಯೂ ಮಸಿ ಒಂದ. ತಿಕ್ಕಿ ತಗೀತೇವಿ ಅದನ್ನ," ಅಂದಾಗಲೇ ನನಗೆ ಎಚ್ಚರಿಕೆಯಾಗಬೇಕಿತ್ತು.

ವಿಳಾಸದ ಮನೆಯ ಬಾಗಿಲು ತೆರೆದವರು ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದ ಒಬ್ಬ ಹೆಣ್ಣುಮಗಳು. ನನ್ನ ಭುಜಕ್ಕಿಂತ ಕೆಳಗಿನ ಎತ್ತರ.

"ಸೈಕಲ್ ನೋಡಾಕ ಬಂದೇವ್ರಿ. ನಿಮ್ಮ ಮನಿಯವ್ರು ಅದಾರೇನ್ರಿ?" ಎಂದೆ.

"ನನ್ನ ಸೈಕಲ್ ಅದು. ಬ್ರೋ ನಾನ ರೀ. ಬರ್ರಿ ಒಳಗ," ಅಂದರು.

ನನ್ನ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಗೆಳೆಯನಿಗೆ ಆ ಅನುಕೂಲ ಇರಲಿಲ್ಲ. ಅವನು ಅಂಗಳಕ್ಕೆ ಹೋಗಿ ನಕ್ಕು ಬಂದ.

ಅವರಿಗೆ ದೂರಕ್ಕೆ ವರ್ಗವಾಗಿತ್ತು, ಅದಕ್ಕೆ ಮಾರುತ್ತಿದ್ದರು. ಮರ್ಯಾದೆ ಉಳಿಸಿಕೊಳ್ಳಲು ನಾನು ಪರೀಕ್ಷೆಗೆ ಇಳಿದೆ. ಕಾರ್ಬನ್ ಒಳಗೇ ಬಿರುಕು ಬಿಟ್ಟಿದ್ದರೆ ಕಣ್ಣಿಗೆ ಕಾಣುವುದಿಲ್ಲ, ನಾಣ್ಯದಿಂದ ತಟ್ಟಿ ಸದ್ದು ಕೇಳಬೇಕೆಂದು ಓದಿದ್ದೆ. ಜೇಬಿನಿಂದ ನಾಣ್ಯ ತೆಗೆದು, ಮೊಣಕಾಲೂರಿ, ಕಿವಿಯನ್ನು ಚೌಕಟ್ಟಿಗೆ ಆನಿಸಿ ಮೇಲಿನಿಂದ ಕೆಳಗಿನವರೆಗೆ ಟಕಟಕ ತಟ್ಟುತ್ತಾ ಹೋದೆ. ಒಡಕಿನ ಸದ್ದು ಹೇಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಆದರೂ ಅಲ್ಲಲ್ಲಿ ನಿಂತು ಹೂಂ ಎಂದೆ.

"ಏನ್ ಅನ್ನಾಕತ್ತೈತೋ?" ಎಂದ ಗೆಳೆಯ.

"ಗಟ್ಟಿ ಐತಿ."

"ಹಂಗಾರ ಎಳನೀರ ಅಲ್ಲ ಬಿಡು. ಕೊಬ್ಬರಿ."

ಸೈಕಲ್ಲನ್ನು ಒಂದು ಬೆರಳಿನಲ್ಲಿ ಎತ್ತಿದೆ. ನಿಜಕ್ಕೂ ಎದ್ದಿತು! ಆ ಕ್ಷಣದ ಸಂತೋಷವನ್ನು ಇವತ್ತಿಗೂ ಅಲ್ಲಗಳೆಯಲಾರೆ. ಆಮೇಲೆ ಹತ್ತಿ ಕೂತೆ. ಸೀಟನ್ನು ಏರಿಸುವಷ್ಟು ಏರಿಸಿದರೂ ಮೊಣಕಾಲು ಗದ್ದಕ್ಕೆ ಬರುತ್ತಿತ್ತು, ಹ್ಯಾಂಡಲ್ಲು ಹೊಟ್ಟೆಯೊಳಗೆ. ತಿರುವಿದರೆ ಕಾಲು ಅಡ್ಡ. ಬೀದಿಯಲ್ಲಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಸಂತೆಗೆ ಹೊರಟಿದ್ದ ಹೆಂಗಸರು ದಾರಿ ಬಿಟ್ಟು ನಿಂತರು. ಸರ್ಕಸ್ಸಿನ ಕರಡಿಗೂ ಯಾರೋ ಇದಕ್ಕಿಂತ ಚೆನ್ನಾಗಿ ಅಳತೆ ನೋಡಿ ಸೈಕಲ್ ಕೊಡುತ್ತಾರೆ. ಮರಳಿ ಬಂದು ಇಳಿಯಲು ಹೋದವನು ಇಳಿಯದೆ, ಸೈಕಲ್ ಸಮೇತ ಅವರ ದಾಸವಾಳದ ಗಿಡಕ್ಕೆ ಒರಗಿದೆ.

"ಎಸ್ ಅಂತ ಹಾಕಿದ್ನಲ್ರಿ, ಸ್ಮಾಲ್ ಸೈಜ್ ಅಂತ," ಅಂದರು ಅವರು, ಪಾಪ, ಮೆಲ್ಲಗೆ.

ಗ್ರಾಂ ಲೆಕ್ಕದಲ್ಲಿ ಸೈಕಲ್ಲುಗಳ ತೂಕವನ್ನೆಲ್ಲ ಬಾಯಿಪಾಠ ಮಾಡಿದ್ದ ನಾನು ನನ್ನ ಕಾಲಿನ ಉದ್ದವನ್ನು ಒಮ್ಮೆಯೂ ಅಳೆದಿರಲಿಲ್ಲ. ಚಹಾ ಬಂತು. ಕುಡಿಯುತ್ತಾ ಅಂಗಳವನ್ನೇ ನೋಡುತ್ತಿದ್ದ ನನ್ನ ಹೆಂಡತಿ ಲೋಟ ಕೆಳಗಿಟ್ಟು, "ನಾ ಒಂದ್ಸಲ ನೋಡ್ಲೇನ್ರಿ?" ಎಂದಳು. ನನ್ನನ್ನಲ್ಲ, ಅವರನ್ನು ಕೇಳಿದಳು. ಅವರು ಒಳಗೆ ಕರೆದೊಯ್ದು ತಮ್ಮದೊಂದು ಚೂಡಿದಾರ ಕೊಟ್ಟರು. ಸೀಟು ಇಳಿಸಿದರು, ಬ್ರೇಕು ಹಿಡಿಯುವುದನ್ನು ತೋರಿಸಿದರು. ಮಳಗಿಯಲ್ಲಿ ಅಣ್ಣನ ಸೈಕಲ್ಲಿನಲ್ಲಿ ಹೈಸ್ಕೂಲಿಗೆ ಹೋಗುತ್ತಿದ್ದೆ ಎಂದು ಅವಳು ಹಿಂದೆ ಯಾವಾಗಲೋ ಹೇಳಿದ್ದಳು. ನಾನು ಕೇಳಿಸಿಕೊಂಡಿದ್ದೆ, ಅಷ್ಟೆ. ಮೊದಲು ಸ್ವಲ್ಪ ಓಲಾಡಿದಳು. ಆಮೇಲೆ ಬೀದಿಯ ತುದಿ ಮುಟ್ಟಿ, ಮೂಲೆ ತಿರುಗಿ, ಕಾಣದಾದಳು.

ಎಷ್ಟು ಹೊತ್ತಾದರೂ ಬರಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ನಾನು ಗೇಟಿಗೂ ಬೀದಿಗೂ ಓಡಾಡಿದೆ.

"ವೈನಿ ಹುಬ್ಬಳ್ಳಿ ಬಸ್ಸಿನ ಬೆನ್ನ ಹತ್ತಿರಬೇಕು, ರಾತ್ರಿ ಊಟಕ್ಕ ಬರ್ತಾರ," ಎಂದು ಗೆಳೆಯ ಸಮಾಧಾನ ಹೇಳಿದ.

ಬಂದಳು. ಮುಖ ಬೆವೆತು ಕೆಂಪಾಗಿತ್ತು, ಜಡೆ ಬಿಚ್ಚಿತ್ತು. ಒಂದೊಂದು ಗ್ರಾಂ ಉಳಿಸಲೆಂದೇ ಮಾಡಿದ ಆ ಹ್ಯಾಂಡಲ್ಲಿಗೆ ಸಂತೆಯ ಬದನೆಕಾಯಿ ತುಂಬಿದ ಕೈಚೀಲ ನೇತಾಡುತ್ತಿತ್ತು.

"ಅಯ್ಯೋ, ಕಾರ್ಬನ್ ಅದು! ಅದಕ್ಕ ಚೀಲ ತೂಗಹಾಕಬಾರ್ದು!" ಎಂದು ಕೂಗಿದೆ.

"ಬದನಿಕಾಯಿ ಎಳೇವು ಅದಾವ್ರಿ, ಎಣಗಾಯಿ ಮಾಡಾಕ," ಎಂದವಳು ಇಳಿದು ಬ್ಯಾಂಕಿನವರ ಕಡೆ ತಿರುಗಿದಳು. "ಅಕ್ಕಾರ, ನಾ ತಗೋತೇನಿ. ಸ್ವಲ್ಪ ಕಡಿಮಿ ಮಾಡ್ರಿ."

ಚೌಕಾಶಿಗೆಂದು ನಾನು ಕಲಿತಿದ್ದ ವಾದಗಳೆಲ್ಲ ನನ್ನ ಹೊಟ್ಟೆಯಲ್ಲೇ ಉಳಿದವು. ಅವರಿಬ್ಬರೂ ನಗುನಗುತ್ತಾ ಎರಡು ಮಾತಿನಲ್ಲಿ ಮುಗಿಸಿದರು. ಹೆಲ್ಮೆಟ್ಟನ್ನೂ ಗಾಳಿ ಪಂಪನ್ನೂ ಅವರು ಹಾಗೇ ಕೊಟ್ಟರು. ಸೈಕಲ್ ಕಾರಿನೊಳಗೆ ಹಿಡಿಸಲು ಮುಂದಿನ ಗಾಲಿ ಬಿಚ್ಚಬೇಕಾಯಿತು. ಕಾರು ನಡೆಸಲು ಗೆಳೆಯನಿಗೆ ಕೊಟ್ಟು, ಆ ಗಾಲಿಯನ್ನು ತೊಡೆಯ ಮೇಲಿಟ್ಟುಕೊಂಡು ನಾನು ಹಿಂದಿನ ಸೀಟಿನಲ್ಲಿ ಮಳಗಿಯವರೆಗೆ ಹೋದೆ. ಒಳಗೆ ಸ್ವಲ್ಪ ಉರಿಯುತ್ತಲೇ ಇತ್ತು, ಸುಳ್ಳು ಹೇಳಲಾರೆ. ಆದರೆ ಮುಂದೆ ಕೂತು ಕಿಟಕಿಯ ಗಾಳಿಗೆ ಮುಖವೊಡ್ಡಿದ್ದ ಅವಳನ್ನು ಕನ್ನಡಿಯಲ್ಲಿ ಕಂಡಾಗ ಗಾಲಿಗೆ ಗೀರು ಬೀಳದಂತೆ ಇನ್ನಷ್ಟು ಜೋಪಾನವಾಗಿ ಹಿಡಿದುಕೊಂಡೆ.

ಈಗ ಅವಳು ಶಾಲೆಗೆ ಹೋಗುವ ಮೊದಲು ದಾಂಡೇಲಿ ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬರುತ್ತಾಳೆ. ನಾನು ಹುಬ್ಬಳ್ಳಿಗೆ ಹೋಗಿ, ಕಾಲು ಅಳೆಸಿಕೊಂಡು, ನನ್ನ ಅಳತೆಯ ಅಲ್ಯೂಮಿನಿಯಂ ಸೈಕಲ್ ತಂದೆ. ಚೆನ್ನಾಗಿಯೇ ಇದೆ. ರವಿವಾರ ಇಬ್ಬರೂ ಒಟ್ಟಿಗೆ ಹೊರಡುತ್ತೇವೆ. ನಾನು ಚಹದಂಗಡಿ ಮುಟ್ಟುವ ಹೊತ್ತಿಗೆ ಅವಳದು ಒಂದು ಚಹಾ ಮುಗಿದಿರುತ್ತದೆ. ಅಂಗಡಿಯವನು ನನ್ನನ್ನು ದೂರದಿಂದ ಕಂಡ ಕೂಡಲೇ ನನ್ನ ಚಹಾಕ್ಕೆ ನೀರಿಡುತ್ತಾನೆ. ನಾನು ಬಂದು ಇಳಿದಾಗ ಅದು ಚೆನ್ನಾಗಿ ಕುದಿದಿರುತ್ತದೆ.