ಸಿದ್ದಕ್ಕ ಗೀರಿದ ನಾಯಿ

ಮುಧೋಳದ ಒಂದು ಓಣಿಯಲ್ಲಿ ಚರಂಡಿ ಗುಂಡಿಯ ಕಬ್ಬಿಣದ ಮುಚ್ಚಳವನ್ನು ಯಾರೋ ಎತ್ತಿಕೊಂಡು ಹೋಗಿದ್ದರು, ಗುಜರಿಗಿರಬೇಕು ಎಂದುಕೊಂಡರು ಜನ. ಮುಂಜಾನೆ ಮಳೆನೀರು ನಿಂತಿತ್ತು. ಗುಂಡಿ ಕಾಣದೆ ಕಾಲಿಟ್ಟ ಮಾಳು ಒಳಗೆ ಬಿದ್ದ. ಎಳೆದು ತೆಗೆಯುವಷ್ಟರಲ್ಲಿ ಜೀವ ಹೋಗಿತ್ತು.

ಅವನೂ ಹೆಂಡತಿ ಸಿದ್ದಕ್ಕನೂ ಗೌಂಡಿ ಕೆಲಸದವರು, ಗೋಡೆ ಕಟ್ಟುವವರು. ಗಂಡನ ದಿನಕಾರ್ಯ ಮುಗಿದ ಮೇಲೆ ಸಿದ್ದಕ್ಕ ಅಂಗಳದಲ್ಲಿ ತಗಡಿನ ಅಚ್ಚು ಇಟ್ಟು ಸಿಮೆಂಟಿನ ಮುಚ್ಚಳ ಮಾಡತೊಡಗಿದಳು. ಸಿಮೆಂಟನ್ನು ಯಾರೂ ಕದಿಯುವುದಿಲ್ಲ. ಹಸಿ ಇರುವಾಗಲೇ ಮೊಳೆಯಿಂದ ಅದರ ಮೇಲೆ ಓಡುವ ಮುಧೋಳ ನಾಯಿಯನ್ನು ಗೀರುತ್ತಿದ್ದಳು, ಸುತ್ತ ಕಂಬಳಿಯ ಅಂಚಿನಂಥ ಗೆರೆ. ಒಣಗಿದ ಮೇಲೆ ಕೆಂಪು, ಬಿಳಿ ಬಣ್ಣ. ಚಿತ್ರ ಇದ್ದರೆ ನಡೆಯುವವರ ಕಣ್ಣು ಅಲ್ಲಿ ಬೀಳುತ್ತದೆ ಎನ್ನುತ್ತಿದ್ದಳು. ಓಣಿ ಓಣಿಯವರು ಕೇಳಿ ಒಯ್ದರು. ಜಮಖಂಡಿಗೂ, ಬನಹಟ್ಟಿಗೂ ಅವಳ ನಾಯಿಗಳು ಹೋದವು.

ಕಬ್ಬಿಣದ ಮುಚ್ಚಳ ಮಾರುತ್ತಿದ್ದ ರೇವಪ್ಪನಿಗೆ ಇದು ಸಹಿಸಲಾಗಲಿಲ್ಲ. ಒಂದು ಮಧ್ಯಾಹ್ನ ಆಳು ಹೊಳೆಪ್ಪನನ್ನು ಕರೆತಂದು ಆ ಓಣಿಯ ಒಂಬತ್ತು ಮುಚ್ಚಳ ಒಡೆಸಿದ. ಹತ್ತನೆಯದು ಮಾಳು ಸತ್ತ ಗುಂಡಿಯದು. ಸಿದ್ದಕ್ಕ ಓಡಿ ಬಂದು ಅದರ ಮೇಲೆ ಕುಳಿತಳು.

"ಏಳ ಬೇ, ಇಲ್ಲಂದ್ರ ಪೆಟ್ಟು ನಿನಗs ಬೀಳತೈತಿ," ಎಂದ ರೇವಪ್ಪ.

"ನನ್ನ ಗಂಡ ಸತ್ತ ಜಾಗಾ ಇದು. ಏಳೂದಿಲ್ಲ."

ಹೊಳೆಪ್ಪ ಎತ್ತಿದ್ದ ಸುತ್ತಿಗೆಯನ್ನು ಕೆಳಗಿಳಿಸಿ ಹಿಂದೆ ಸರಿದ. ರೇವಪ್ಪ ಅದನ್ನು ಕಸಿದುಕೊಂಡು, ಮುಚ್ಚಳದ ಮೇಲೆ ಊರಿದ್ದ ಅವಳ ಬಲಗೈ ಮೇಲೆ ಹೊಡೆದ. ಮೂರು ಬೆರಳು ಜಜ್ಜಿ ಹೋದವು. ಸಿದ್ದಕ್ಕ ಪಕ್ಕದಲ್ಲಿ ಬಿದ್ದಿದ್ದ ಹಾರೆಯನ್ನು ಎಡಗೈಯಲ್ಲಿ ಎತ್ತಿ ಅವನ ಮೊಣಕಾಲಿಗೆ ಬೀಸಿದಳು. ಅವನು ಕುಸಿದ. ಮತ್ತೊಂದು ಪೆಟ್ಟಿಗೆ ದವಡೆ ಒಡೆದು ಬಾಯಿಂದ ಹಲ್ಲು, ರಕ್ತ ಸುರಿಯಿತು. ಮೂರನೆಯ ಸಲ ಹಾರೆ ಅವನ ತಲೆಯ ಮೇಲೆತ್ತಿದಾಗ ನೆರೆಮನೆಯ ರಾಜಶ್ರೀ ಹಿಂದಿನಿಂದ ತಬ್ಬಿ ಹಿಡಿದಳು.

"ಸಾಕ ಬಿಡ ಸಿದ್ದಕ್ಕಾ, ಸಾಯ್ತಾನ."

"ಸಾಯ್ಲಿ ಬಿಡ."

ರಾಜಶ್ರೀ ಬಿಡಲಿಲ್ಲ. ಇಬ್ಬರೂ ನೆಲಕ್ಕೆ ಬಿದ್ದರು.

ಇಬ್ಬರ ಮೇಲೂ ಕೇಸಾಯಿತು. ಮೂರನೆಯ ವರ್ಷ ಸಾಕ್ಷಿಕಟ್ಟೆಯಲ್ಲಿ ಹೊಳೆಪ್ಪ ನಡೆದದ್ದನ್ನೆಲ್ಲ ಹೇಳಿ, ಯಾರೂ ಕೇಳದ ಇನ್ನೊಂದು ಮಾತನ್ನೂ ಆಡಿದ: "ಮಾಳು ಬಿದ್ದ ಗುಂಡಿ ಮುಚ್ಚಳಾನೂ ರೇವಪ್ಪ ಸಾವಕಾರರು ಹೇಳಿದ್ದಕ್ಕ ನಾನs ಎತ್ತಿದ್ನಿರಿ. ತಿರುಗಿ ಹೊಸಾದು ಮಾರಾಕ."

ಸಿದ್ದಕ್ಕ ಎದ್ದು ಹೊರಗೆ ನಡೆದಳು.

ರೇವಪ್ಪನಿಗೆ ಜೈಲಾಯಿತು. ಸಿದ್ದಕ್ಕನನ್ನು ಇನ್ನು ಹೊಡೆದಾಡುವುದಿಲ್ಲ ಎಂದು ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು. "ಖರೆ ಹೇಳತೇನಿ, ಕೊಲ್ಲಾಕಂತನ ಹಾರಿ ಎತ್ತಿದ್ದೆ," ಎಂದು ಈಗಲೂ ಕೇಳಿದವರಿಗೆ ಹೇಳುತ್ತಾಳೆ.

ಈಗ ಎಡಗೈಯಲ್ಲಿ ಗೀರುತ್ತಾಳೆ. ನಾಯಿಯ ಕಾಲುಗಳು ಸೊಟ್ಟ ಬರುತ್ತವೆ. ಹೋದ ತಿಂಗಳು ಹೊಳೆಪ್ಪ ಬಾಗಿಲಿಗೆ ಬಂದು, ಕೂಲಿ ಬೇಡ, ಮರಳು ಕಲಸಿಕೊಡುತ್ತೇನೆ ಎಂದ. ಸಿದ್ದಕ್ಕ ಅವನಿಗೆ ಕುಡಿಯಲು ನೀರು ಕೊಟ್ಟಳು.

"ಖರೆ ಹೇಳಿದಿ, ಅಷ್ಟ ಸಾಕು. ಇನ್ನ ಹೋಗಪಾ, ನಿನ್ನ ಕೈ ನೋಡಾಕ ನನ್ನಿಂದ ಆಗೂದಿಲ್ಲ," ಎಂದಳು.

ಅವನು ನೀರು ಕುಡಿದು ಹೋದ.